ಅಂಗಡಿ ಮುಂಗಟ್ಟಿನ ಎಲ್‌ಇಡಿ: ಫಲಕವೋ, ಪರದೆಯೋ, ತೆರೆಯೋ?

ಎಲ್ಲರಿಗೂ ನಮಸ್ಕಾರ.

ಅಂಗಡಿಗಳಿಗೆ ಬೋರ್ಡ್ ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ಕನ್ನಡ ಬರವಣಿಗೆಯ ಕೆಲಸ ನನ್ನದು. ಬೋರ್ಡಿನ ಮೇಲಿನ ಅಕ್ಷರ, ಕೊಟೇಶನ್, ಕರಾರು ಪತ್ರ ಎಲ್ಲವೂ ನನ್ನ ಕೈದಾಟಿಯೇ ಹೋಗಬೇಕು. ಈಗ ಬೆಂಗಳೂರಿನ ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯವರು ಬಾಗಿಲ ಮೇಲಿನ ಜಾಗದಲ್ಲಿ ವಿಡಿಯೋ ಓಡುವ ಎಲ್‌ಇಡಿ ಹಾಕಿಸುತ್ತಿದ್ದಾರೆ. ಅಂಗಡಿ ಅವರ ತಾಯಿಯ ಹೆಸರಿನಲ್ಲಿದೆ. ‘ಅಮ್ಮ ಓದಿಯೇ ಸಹಿ ಹಾಕುತ್ತಾರೆ, ಕರಾರು ಕನ್ನಡದಲ್ಲೇ ಇರಲಿ’ ಅಂದರು. ಬರೆಯಲು ಕೂತವಳು ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಆ ವಸ್ತುವಿಗೆ ಏನೆಂದು ಹೆಸರು ಬರೆಯಲಿ?

ಬಾಯಿಮಾತಿನಲ್ಲಿ ತೊಡಕಿಲ್ಲ. ಒಂದೇ ಬಣ್ಣದಲ್ಲಿ ಅಕ್ಷರ ಓಡಿದರೆ ‘ರನ್ನಿಂಗ್ ಬೋರ್ಡ್’. ಮದುವೆಯಲ್ಲೋ ಜಾತ್ರೆಯಲ್ಲೋ ವೇದಿಕೆಯ ಪಕ್ಕ ನಿಲ್ಲಿಸಿದರೆ ‘ಎಲ್‌ಇಡಿ ವಾಲ್’. ಅಂಗಡಿಯ ಮುಂದಿದ್ದರೆ ‘ಎಲ್‌ಇಡಿ ಬೋರ್ಡ್’, ಇಲ್ಲವೇ ಬರೀ ‘ಸ್ಕ್ರೀನ್’. ಬೋರ್ಡ್ ಎನ್ನುವುದು ನನ್ನ ಮಟ್ಟಿಗೆ ಕನ್ನಡದ್ದೇ ಪದ. ‘ಬೋರ್ಡ್ ಬರೆಯುವವರು’ ಎಂದು ಒಂದು ಕಸುಬನ್ನೇ ಆ ಮಾತಿನಿಂದ ಕರೆದಿದ್ದೇವೆ. ಬಸ್ಸಿನ ತಲೆಯ ಮೇಲೆ ಎಲ್‌ಇಡಿ ಬಂದ ಮೇಲೂ ‘ಬೋರ್ಡ್ ನೋಡಿ ಹತ್ತು’ ಅಂತಲೇ ಅನ್ನುತ್ತೇವೆ. ಎಲ್‌ಇಡಿಯೂ ಹಾಗೆಯೇ, ಅದನ್ನು ಅನುವಾದಿಸುವ ಆಸೆ ನನಗಿಲ್ಲ. ಆದರೆ ಈ ಕರಾರಿನಲ್ಲಿ ಅಂಗಡಿಯ ಹೆಸರಿನ ಬೋರ್ಡೂ ಇದೆ, ವಿಡಿಯೋ ಓಡುವುದೂ ಇದೆ. ಎರಡನ್ನೂ ಬೋರ್ಡ್ ಎಂದರೆ ನಾಳೆ ವಾರಂಟಿ ಯಾವುದಕ್ಕೆ ಎಂಬಲ್ಲಿ ಜಗಳ ಹುಟ್ಟುತ್ತದೆ.

‘ಫಲಕ’ವನ್ನು ಹೆಸರಿನ ಬೋರ್ಡಿಗೇ ಮೀಸಲಿಡಬೇಕು ಅನ್ನಿಸುತ್ತದೆ. ಕಾನೂನಿನಲ್ಲಿರುವ ಪದವೂ ನಾಮಫಲಕವೇ. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಮೇಲೆ, ಕೆಳಗೆ, ಶೇ 60 ಎಂದು ಅಳೆಯಬೇಕಾದರೆ ಅಕ್ಷರ ಒಂದೆಡೆ ನಿಂತಿರಬೇಕು. ಗಳಿಗೆಗೊಂದು ಚಿತ್ರ ಬದಲಾಗುವ ವಸ್ತುವನ್ನು ಫಲಕ ಎಂದರೆ ಆ ಪದದ ಸ್ಥಿರತೆಯೇ ಹೋಗುತ್ತದೆ. ಹಲಗೆಯ ಬಗ್ಗೆಯೂ ನನ್ನ ಅನುಮಾನ ಇದೇ. ಕರಿಹಲಗೆಯಲ್ಲಿ ಬರೆದದ್ದು ಒರೆಸುವವರೆಗೂ ಅಲ್ಲೇ ಇರುತ್ತದೆ.

ಉಳಿದದ್ದು ಪರದೆ ಮತ್ತು ತೆರೆ. ಎರಡೂ ಮೂಲದಲ್ಲಿ ಮರೆಮಾಡುವ ಬಟ್ಟೆಗಳು. ಯಕ್ಷಗಾನದಲ್ಲಿ ಇಬ್ಬರು ಎರಡು ತುದಿ ಹಿಡಿದು ನಿಲ್ಲುವ ತೆರೆಯನ್ನು ನೆನಪಿಸಿಕೊಳ್ಳಿ: ಹಿಂದೆ ವೇಷ, ಮೇಲೆ ಕಿರೀಟದ ತುದಿಯಷ್ಟೇ ಕಾಣುತ್ತದೆ. ಸಿನಿಮಾ ಬಂದ ಮೇಲೆ ಮರೆಮಾಡುವುದೇ ತೋರಿಸುವುದಾಯಿತು. ಬೆಳ್ಳಿತೆರೆಯ ಬೆನ್ನಿಗೆ ಕಿರುತೆರೆಯೂ ಬಂತು. ಈ ಸಾಲಿಗೆ ಅಂಗಡಿಯದನ್ನೂ ಸೇರಿಸಬಹುದು ಎಂದು ನನ್ನ ಮನಸ್ಸು ವಾಲುತ್ತಿದೆ.

ಅಂಗಡಿಯ ಮುಖಭಾಗಕ್ಕೆ ‘ಮುಂಗಟ್ಟು’ ಎಂಬ ಚೆಂದದ ಪದ ನಮ್ಮಲ್ಲೇ ಇದೆ. ಮುಂಗೈ, ಮುಂಗಾಲುಗಳ ಜೊತೆಗಾರ ಪದ. ಬಂದ್ ಆದ ಮರುದಿನ ‘ಅಂಗಡಿ ಮುಂಗಟ್ಟುಗಳು ಮುಚ್ಚಿದ್ದವು’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಮನೆಮಠ, ಹೊಲಗದ್ದೆಯಂತೆ ಅಂಗಡಿಯ ಬಾಲಕ್ಕೆ ಅಂಟಿಕೊಂಡೇ ಬದುಕಿರುವ ಪದ ಅದು. ಒಂಟಿಯಾಗಿ ನಿಲ್ಲಬಲ್ಲದೇ ಎಂದು ನೋಡಲು ಕರಡಿನ ತಲೆಗೆ ‘ಮುಂಗಟ್ಟು ತೆರೆ ಕರಾರು’ ಎಂದು ಬರೆದೆ. ನಮ್ಮ ಫಿಟ್ಟರ್ ಓದಿ, ‘ಅಂಗಡಿ ತೆರೆಯೋಕೆ ಕರಾರಾ ಅಕ್ಕಾ?’ ಅಂದ. ಅವನು ಓದಿದ್ದು ಸರಿಯೇ, ಅಲ್ಲಿ ತೆರೆ ಎಂಬುದು ಕ್ರಿಯಾಪದವಾಗಿ ಎದ್ದು ನಿಂತಿತ್ತು. ‘ಮುಂಗಟ್ಟಿನ ತೆರೆ’ ಎಂದಾಗ ಗೊಂದಲ ಹೋಯಿತು. ಒಂದು ಷಷ್ಠಿ ಪ್ರತ್ಯಯ ಇಷ್ಟು ಕೆಲಸ ಮಾಡುತ್ತದೆ.

ಗ್ರಾಹಕರು ಹೇಳಿದ ಅಳತೆಗೆ ಮಾಡಿಕೊಡುವುದಕ್ಕೆ ಅನ್ನುವ ‘ಕಸ್ಟಮ್’ ಪದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ‘ಗ್ರಾಹಕೀಕೃತ’ ಎಂದು ಒಂದು ಕಡೆ ಕಂಡೆ, ಅದನ್ನು ಯಾವ ಗ್ರಾಹಕರೂ ಆಡುವುದಿಲ್ಲ. ‘ಹೇಳಿ ಮಾಡಿಸಿದ’ ಎನ್ನುವಾಗ ಅಳತೆಯೂ ಬಂತು, ಒಪ್ಪುವಿಕೆಯೂ ಬಂತು.

ನಿಜವಾಗಿ ಕೂರಿಸಿ ಯೋಚಿಸುವಂತೆ ಮಾಡಿದ್ದು ‘ಪಿಚ್’. ಈ ವ್ಯಾಪಾರದಲ್ಲಿ ಪಿ10, ಪಿ5, ಪಿ4 ಎನ್ನುತ್ತಾರೆ. ಬೆಳಕಿನ ಒಂದು ಚುಕ್ಕಿಯ ನಡುವಿನಿಂದ ಪಕ್ಕದ ಚುಕ್ಕಿಯ ನಡುವಿಗೆ ಎಷ್ಟು ಮಿಲಿಮೀಟರ್ ಎಂಬ ಲೆಕ್ಕ ಅದು. ಪಿ10ರ ಒಂದು ಮಾಡ್ಯೂಲ್, ಅಂದರೆ ಪಕ್ಕಪಕ್ಕ ಜೋಡಿಸುವ ಒಂದು ತುಂಡು, 320 ಮಿ.ಮೀ. ಅಗಲ, 160 ಮಿ.ಮೀ. ಎತ್ತರ, ಅದರಲ್ಲಿ ಸಾಲಿಗೆ 32 ಚುಕ್ಕಿಯಂತೆ 16 ಸಾಲು. ಅದೇ ಅಳತೆಯ ಪಿ4 ಮಾಡ್ಯೂಲಿನಲ್ಲಿ 80 ಚುಕ್ಕಿ, 40 ಸಾಲು. ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ನಯ. ಹಿಂದೊಮ್ಮೆ ಬೇರೊಂದು ಅಂಗಡಿಯವರು ಕಾಗದದಲ್ಲಿ ‘ಪಿಚ್ 10’, ‘ಪಿಚ್ 4’ ಎಂದಿದ್ದನ್ನು ನೋಡಿ, ಹತ್ತು ದೊಡ್ಡದು ಎಂದು ಹತ್ತನ್ನೇ ಆರಿಸಿದರು. ಹತ್ತು ಮಿಲಿಮೀಟರಿನದನ್ನು ಸುಮಾರು ಹತ್ತು ಮೀಟರ್ ದೂರದಿಂದ ನೋಡಬೇಕು ಎಂಬುದು ಕಸುಬಿನ ರೂಢಿ ಲೆಕ್ಕ. ಅವರ ಬೀದಿಯ ಅಗಲ ಅದರ ಅರ್ಧವೂ ಇರಲಿಲ್ಲ. ಎದುರು ನಿಂತವರಿಗೆ ಸೀರೆ ಕಾಣಲಿಲ್ಲ, ಕೆಂಪು ಹಸಿರು ನೀಲಿ ಚುಕ್ಕಿ ಕಂಡವು. ಆ ಕಾಗದ ಬರೆದವಳು ನಾನೇ, ಅದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಈ ಸಲ ಪಿಚ್ ಎಂಬ ಪದ ಬಳಸಲೇಬಾರದು ಎಂದುಕೊಂಡೆ. ‘ಅಂತರ’ ಎಂದರೆ ಖಾಲಿ ಬಿಟ್ಟ ಜಾಗ ಎಂದು ಓದಿಕೊಳ್ಳುತ್ತಾರೆ, ‘ಸಂದು’ ಇನ್ನೂ ತಪ್ಪು. ನಮ್ಮ ಅಜ್ಜನ ಮನೆ ಕಡೆ ಅಡಿಕೆ ಸಸಿ ನೆಡುವಾಗ ‘ಗಿಡದಿಂದ ಗಿಡಕ್ಕೆ 9 ಅಡಿ’ ಅನ್ನುತ್ತಿದ್ದುದು ನೆನಪಾಯಿತು. ಅದಕ್ಕೆ ಅವರಲ್ಲಿ ಬೇರೆ ನಾಮಪದವೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾಗೆಯೇ ‘ಚುಕ್ಕಿಯಿಂದ ಚುಕ್ಕಿಗೆ 4 ಮಿ.ಮೀ.’ ಎಂದು ಬರೆದೆ. ಅಂಗಡಿಯ ತಾಯಿಯವರು ಕನ್ನಡಕ ಹಾಕಿಕೊಂಡು ಕರಡು ಓದಿದರು. ನಾನು ಬ್ಯಾಗಿನಿಂದ ಒಂದು ಮಾಡ್ಯೂಲ್ ತೆಗೆದು ಮೇಜಿನ ಮೇಲಿಟ್ಟೆ. ಅದರ ಮೇಲೆ ಬೆರಳಾಡಿಸಿ, ‘ಇದು ರಂಗೋಲಿ ಲೆಕ್ಕ ಅಲ್ವೇನಮ್ಮಾ, ಎಷ್ಟು ಚುಕ್ಕಿ, ಎಷ್ಟು ಸಾಲು?’ ಅಂದರು. ಅಗಲಕ್ಕೆ 12 ಮಾಡ್ಯೂಲ್, ಎತ್ತರಕ್ಕೆ 6. ಸಾಲಿಗೆ 960 ಚುಕ್ಕಿ, ಒಟ್ಟು 240 ಸಾಲು ಎಂದು ಲೆಕ್ಕ ಹಾಕಿ ತೋರಿಸಿದೆ. ಕರಾರಿನಲ್ಲಿ ಹಾಗೇ ಬರೆಯಿರಿ ಅಂದರು. ಪಿಕ್ಸೆಲ್ ಎಂಬ ಪದ ಎಲ್ಲೂ ಬರಲಿಲ್ಲ.

ಈ ಚುಕ್ಕಿಯ ವಿಚಾರ ನಮ್ಮ ಲಿಪಿಗೂ ತಾಗುತ್ತದೆ, ಹಾಗಾಗಿ ಹೇಳಿಬಿಡುತ್ತೇನೆ. ಪಿ10ರ ಹದಿನಾರು ಸಾಲಿನಲ್ಲಿ ಕನ್ನಡ ಬರೆಯುವುದು ಎಷ್ಟು ಕಷ್ಟ ಗೊತ್ತೇ? ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ‘ಲಕ್ಷ್ಮಿ’ ಎಂದು ಹಾಕಿದರೆ ಮ ಒತ್ತಿಗೆ ಸಾಲೇ ಉಳಿಯುವುದಿಲ್ಲ. ಮಹಾಪ್ರಾಣದ ಸೀಳು ಚುಕ್ಕಿಗಳ ಬೆಳಕಿನಲ್ಲಿ ಮುಚ್ಚಿಹೋಗಿ ಧ ಎಂಬುದು ದ ಆಗುತ್ತದೆ, ‘ಫಲಕ’ ಎಂದು ಬರೆದರೆ ‘ಪಲಕ’ ಎಂದು ಓದಿಸಿಕೊಳ್ಳುತ್ತದೆ. ಎಷ್ಟೋ ರನ್ನಿಂಗ್ ಬೋರ್ಡುಗಳಲ್ಲಿ ಕನ್ನಡ ತಪ್ಪಾಗಿ ಕಾಣುವುದಕ್ಕೆ ಬರೆದವರ ಅಜ್ಞಾನವೊಂದೇ ಕಾರಣವಲ್ಲ. ಒತ್ತಕ್ಷರಕ್ಕೆ ಕನಿಷ್ಠ 32 ಸಾಲು ಕೊಡಿ ಎಂದು ನಾನು ಪ್ರತಿ ಗ್ರಾಹಕರನ್ನೂ ಕೇಳಿಕೊಳ್ಳುತ್ತೇನೆ.

ಈಗ ನನ್ನ ಪ್ರಶ್ನೆಗಳು. ಬೆಳ್ಳಿತೆರೆ, ಕಿರುತೆರೆಗಳ ಹೊರಗೆ, ಬರೀ ‘ತೆರೆ’ ಎಂಬುದು ನಿಮ್ಮ ಕಡೆ ದಿನದ ಮಾತಿನಲ್ಲಿ ಬದುಕಿದೆಯೇ? ಕರಾವಳಿಯವರು, ಯಕ್ಷಗಾನದ ಒಡನಾಟ ಇರುವವರು ದಯವಿಟ್ಟು ಹೇಳಿ. ಹುಬ್ಬಳ್ಳಿ, ಕಲಬುರಗಿ ಕಡೆಯ ಅಂಗಡಿಯವರು ಇದನ್ನು ಏನೆನ್ನುತ್ತಾರೆ? ಪರದೆ ಎನ್ನುವುದೇ ಅಲ್ಲಿ ಸಹಜವೇ? ಮತ್ತೆ ಮುಂಗಟ್ಟು, ಅಂಗಡಿಯ ಜೊತೆಯಿಲ್ಲದೆ ಒಂಟಿಯಾಗಿ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ?

ಸದ್ಯಕ್ಕೆ ಕರಡಿನಲ್ಲಿ ‘ಹೇಳಿ ಮಾಡಿಸಿದ ಮುಂಗಟ್ಟಿನ ಎಲ್‌ಇಡಿ ತೆರೆ’ ಎಂದಿದೆ. ಬುಧವಾರ ಸಹಿಗೆ ಕೊಂಡೊಯ್ಯಬೇಕು. ತಿದ್ದುವುದಿದ್ದರೆ ಮಂಗಳವಾರ ಸಂಜೆಯೊಳಗೆ ತಿಳಿಸಿ.