ಸಕ್ಕರೆ ಪೂರ್ತಿ ಬಿಡಬೇಕಾ, ಕಡಿಮೆ ಮಾಡಿದರೆ ಸಾಕಾ? ಅನುಭವ ಇದ್ದವರು ಹೇಳಿ

ಹೊಸ ರಿಪೋರ್ಟ್: ವಯಸ್ಸು 36. ಎಚ್‌ಬಿಎ1ಸಿ (ರಕ್ತದ ಸರಾಸರಿ ಸಕ್ಕರೆಯ ಟೆಸ್ಟ್) 6.1, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 260, ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1, ಅಂದರೆ ಲಿವರ್‌ನಲ್ಲಿ ಕೊಬ್ಬು, ಮೊದಲ ಹಂತ. ಮದ್ಯ ಮುಟ್ಟುವುದಿಲ್ಲ. ಟೀ, ಕೂಲ್ ಡ್ರಿಂಕ್ಸ್ ಜಾಸ್ತಿ. ಡಾಕ್ಟರ್ ಸಕ್ಕರೆ ಕಡಿಮೆ ಮಾಡಿ ಎಂದಷ್ಟೇ ಹೇಳಿದರು. ಪೂರ್ತಿ ಬಿಟ್ಟವರು ಇದ್ದೀರಾ?

ಪೂರ್ತಿ ಬಿಟ್ಟೆ: ಬಿಟ್ಟುಬಿಡಿ. ನಂದು 6.3 ಇತ್ತು, ಟ್ರೈಗ್ಲಿಸರೈಡ್ 310. ಮೊದಲ ವಾರ ತಲೆನೋವು ಎಂದರೆ ತಲೆನೋವು. ಸಂಜೆಯಾದರೆ ಕೈ ತಾನಾಗಿ ಡಬ್ಬಿ ಹುಡುಕುತ್ತಿತ್ತು. ಮನೆಯವರ ಮೇಲೆ ಸುಮ್ನೆ ರೇಗುತ್ತಿದ್ದೆ. ನಿದ್ದೆ ಕೆಟ್ಟಿತು. ಸಪ್ಪೆ ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಎಷ್ಟೋ ಲೋಟ ಚೆಲ್ಲಿದ್ದೇನೆ. ಈಗ 5.6, ಟ್ರೈಗ್ಲಿಸರೈಡ್ 140. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಟೆಸ್ಟಿನ ಹಿಂದಿನ ದಿನ ಬಾಯಿ ಕಟ್ಟಿದರೆ ಏನೂ ಬದಲಾಗುವುದಿಲ್ಲ. ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತೀನಿ ಅನ್ನುವವರು ಗೆದ್ದಿದ್ದನ್ನು ನಾನಂತೂ ನೋಡಿಲ್ಲ.

ಅರ್ಧ ಚಮಚ: ಹಾಗಾದರೆ ನನ್ನನ್ನು ನೋಡಿ. ಮೊದಲು ಕುಡಿಯುವ ಸಕ್ಕರೆ ನಿಲ್ಲಿಸಿದೆ. 330 ಮಿಲಿಯ ಒಂದು ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟು ಒಂಬತ್ತು ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನಕ್ಕೆ ಸುಮಾರು 50 ಗ್ರಾಂ, 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಟೀಗೆ ಎರಡು ಚಮಚ ಇದ್ದದ್ದು ಒಂದೂವರೆ, ಒಂದು, ಅರ್ಧ. ಎಚ್‌ಬಿಎ1ಸಿ 6.0 ಇದ್ದದ್ದು 5.5ಕ್ಕೆ ಬಂತು. ಯಾರ ಮೇಲೂ ರೇಗಲಿಲ್ಲ.

ಪೂರ್ತಿ ಬಿಟ್ಟೆ: ನಿಮಗೆ ಫ್ಯಾಟಿ ಲಿವರ್ ಇತ್ತಾ? ನನಗೆ ಇತ್ತು. ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್, ಹಣ್ಣಿನಲ್ಲೂ ಇರುವ ಸಕ್ಕರೆ. ಅದರ ಹೆಚ್ಚಿನ ಪಾಲನ್ನು ಲಿವರ್ರೇ ನಿಭಾಯಿಸಬೇಕು, ಅತಿಯಾದರೆ ಅಲ್ಲೇ ಕೊಬ್ಬಾಗುತ್ತದೆ. ಸುಲಭವಾಗಿ ಪಾರಾದವರು ನಮಗೆ ಪಾಠ ಹೇಳುವುದು ಬೇಡ.

ದವಡೆ ನೋವು: ಎಲ್ಲರೂ ರಕ್ತದ ಲೆಕ್ಕವನ್ನೇ ಹೇಳುತ್ತೀರಿ. ನನ್ನ ರಕ್ತ ಇವತ್ತಿಗೂ ನಾರ್ಮಲ್. ಹೋದದ್ದು ಹಲ್ಲು. ಕೆಲಸದ ನಡುವೆ ಸಿಹಿ ಕಾಫಿಯನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುತ್ತಿದ್ದೆ. ಪ್ರತಿ ಗುಟುಕಿಗೂ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಇಳಿದರೆ ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮೆಲ್ ಕರಗಲು ಶುರು. ಎಡಗಡೆ ದವಡೆ ಹಲ್ಲಿಗೆ ಫಿಲ್ಲಿಂಗ್ ಹಾಕಿಸಿದೆ, ಬಿದ್ದುಹೋಯಿತು. ಮತ್ತೆ ಹಾಕಿಸಿದೆ, ಒಳಗೆ ಕೀವು. ರೂಟ್ ಕೆನಾಲ್. ಕ್ಯಾಪ್ ಅಳತೆ ತಪ್ಪಿ ಇನ್ನೊಮ್ಮೆ ಮಾಡಿಸಬೇಕಾಯಿತು. ಅದರ ಪಕ್ಕದ ಹಲ್ಲನ್ನು ಕೀಳಲೇಬೇಕಾಯಿತು. ಲಿವರ್ ಕೊಬ್ಬಾದರೂ ಕರಗುತ್ತದೆ, ಹಲ್ಲು ಮತ್ತೆ ಹುಟ್ಟುತ್ತಾ?

ಜೇನು ಸಾಕು: ಬಿಳಿ ಸಕ್ಕರೆ ಬಿಟ್ಟು ಜೇನುತುಪ್ಪಕ್ಕೆ ಬಂದೆ. ಮೈ ಹಗುರಾಗಿದೆ. ನೈಸರ್ಗಿಕವಾದದ್ದಕ್ಕೆ ಭಯ ಬೇಡ.

ಅರ್ಧ ಚಮಚ: ದಯವಿಟ್ಟು ಹೀಗೆ ಹೇಳಬೇಡಿ. ಆ 25 ಗ್ರಾಂ ಲೆಕ್ಕದಲ್ಲಿ ಜೇನೂ ಸೇರಿದೆ. ಎಚ್‌ಬಿಎ1ಸಿ 5.7ರಿಂದ 6.4 ಅಂದರೆ ಪ್ರೀ ಡಯಾಬಿಟಿಸ್, ಕೇಳಿದವರು ಅದೇ ಗುಂಪಿನಲ್ಲಿದ್ದಾರೆ.

ಜೇನು ಸಾಕು: ನನ್ನ ಮೈ ನನಗೆ ಗೊತ್ತಿಲ್ವಾ? ಡಬ್ಬಿ ಮೇಲಿನ ಅಂಕಿ ಓದಿದವರೆಲ್ಲ ಡಾಕ್ಟರ್ ಆಗಿಬಿಟ್ಟರು.

ಸಿಹಿ ಮಾತ್ರೆ: ಜಗಳ ಯಾಕೆ, ನಾನು ಸಕ್ಕರೆ ಬದಲು ಕೃತಕ ಸಿಹಿಯ ಮಾತ್ರೆ ಹಾಕಿಕೊಳ್ಳುತ್ತೇನೆ. ಸಿಹಿಯೂ ಉಂಟು, ಕ್ಯಾಲೊರಿಯೂ ಇಲ್ಲ.

ಪೂರ್ತಿ ಬಿಟ್ಟೆ: ತೂಕ ಇಳಿಸಲು ಅದನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ನಾಲಿಗೆಯ ಚಪಲ ಹಾಗೇ ಉಳಿಯುತ್ತದೆ.

ಸಿಹಿ ಮಾತ್ರೆ: ಆ ಸಲಹೆ ಆಗಲೇ ಡಯಾಬಿಟಿಸ್ ಇರುವವರಿಗೆ ಅಲ್ಲ ಅಂತಲೂ ಅಲ್ಲೇ ಬರೆದಿದೆ. ನನಗೆ ಡಯಾಬಿಟಿಸ್ ಇದೆ. ಪೂರ್ತಿ ಓದಿ ಮಾತಾಡಿ.

ಹೊಸ ರಿಪೋರ್ಟ್: ಕೂಲ್ ಡ್ರಿಂಕ್ಸ್ ಇವತ್ತಿನಿಂದ ಬಂದ್. ಟೀ ಇನ್ನೂ ಯೋಚಿಸುತ್ತಿದ್ದೇನೆ. ಹಣ್ಣಿನ ಜ್ಯೂಸ್ ಕುಡಿಯಬಹುದಾ?

ಅರ್ಧ ಚಮಚ: ಬೇಡ. ಹಣ್ಣನ್ನೇ ಕಚ್ಚಿ ತಿನ್ನಿ, ನಾರು ಸಿಗುತ್ತದೆ. ಜ್ಯೂಸ್ ಕೂಡ ಜೇನಿನ ಹಾಗೆ ಸಕ್ಕರೆ ಲೆಕ್ಕಕ್ಕೇ ಬರುತ್ತದೆ.

ಜೇನು ಸಾಕು: ಮತ್ತೆ ಜೇನಿನ ಸುದ್ದಿಗೆ ಬಂದಿರಾ?