ಪದಚರ್ಚೆ: ಚಾಕುವಿಗೆ ‘ಹಚ್ಚಿದ’ ಕಪ್ಪು, ಚಾಕುವಿಗೆ ‘ಕಟ್ಟಿದ’ ಕಪ್ಪು

ಬಳಗದ ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಕಪ್ಪು ಬಣ್ಣದ ಚಾಕುವಿನ ಅಲಗನ್ನು ಮನೆಯಲ್ಲೇ ಬರಿದು ಮಾಡಿ, ಉಕ್ಕಿನ ಮೈಯನ್ನು ಮತ್ತೆ ನೋಡುವಂತೆ ಮಾಡುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಚಾರಣಿಗರೂ ತೋಟದವರೂ ಓದಿ ತಾವೇ ಮಾಡಿಕೊಳ್ಳುವಂತಿರಬೇಕು ಎಂಬುದು ಆಸೆ. ಕೆಲಸ ಗೊತ್ತಿದೆ, ತೊಡಕಾಗಿರುವುದು ಮಾತು. ಪಾರಿಭಾಷಿಕ ಪದಕೋಶಗಳಲ್ಲಿ ‘ಲೇಪನ’, ‘ಲೇಪನ ನಿವಾರಣೆ’, ‘ಮರುಲೇಪನ’ ಎಂಬಂಥವು ಸಿಗುತ್ತವೆ. ಅವುಗಳನ್ನು ಹಿಡಿದು ಬರೆದರೆ ವಾಕ್ಯವೇನೋ ಆಗುತ್ತದೆ, ಓದಿದವನ ಕೈಗೆ ಮಾತ್ರ ಏನೂ ತಿಳಿಯುವುದಿಲ್ಲ. ಯಾಕೆ ಎಂದು ಸ್ವಲ್ಪ ವಿವರಿಸಬೇಕಾಗಿದೆ, ತಾಳ್ಮೆಯಿಂದ ಓದಿ.

ಅಂಗಡಿಯಲ್ಲಿ ಕಪ್ಪಾಗಿ ಕಾಣುವ ಚಾಕುಗಳೆಲ್ಲ ಒಂದೇ ಬಗೆಯಲ್ಲಿ ಕಪ್ಪಾದವಲ್ಲ. ಕಾಡುಮೇಡಿನ ಬಳಕೆಗೆಂದು ಮಾಡುವ ದಪ್ಪ ಚಾಕುಗಳಲ್ಲಿ ಅನೇಕವು ಇಂಗಾಲದ ಉಕ್ಕಿನವು. 1095 ಎಂದು ಹೆಸರಾದ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.95, ತುಕ್ಕು ತಡೆಯುವಷ್ಟು ಕ್ರೋಮಿಯಂ ಅದರಲ್ಲಿ ಇರುವುದಿಲ್ಲ. ಹಾಗಾಗಿ ತುಕ್ಕು ಹಿಡಿಯದಿರಲೆಂದು ಅದರ ಮೈ ಮುಚ್ಚುತ್ತಾರೆ. ಮೊದಲ ಬಗೆಯಲ್ಲಿ ಬಣ್ಣದ ಪುಡಿಯನ್ನು ಅಲಗಿನ ಮೇಲೆ ಸಿಂಪಡಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಿಸುತ್ತಾರೆ. ಪುಡಿ ಕರಗಿ ಗಟ್ಟಿಯಾದ ಚರ್ಮವಾಗುತ್ತದೆ. ಕಿಟಕಿಯ ಚೌಕಟ್ಟಿಗೂ ಕಬ್ಬಿಣದ ಕಪಾಟಿಗೂ ಮಾಡಿಸುವ ಪೌಡರ್ ಕೋಟಿಂಗ್ ಇದೇ. ಎರಡನೆಯ ಬಗೆಯಲ್ಲಿ ಮೇಲಿನಿಂದ ಏನನ್ನೂ ಹಾಕುವುದಿಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪುಗಳ ದ್ರಾವಣವನ್ನು ಸುಮಾರು 140 ಡಿಗ್ರಿಗೆ ಕುದಿಸಿ, ಅದರಲ್ಲಿ ಅಲಗನ್ನು ಮುಳುಗಿಸುತ್ತಾರೆ. ಉಕ್ಕಿನ ಮೈಯೇ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಮಾರ್ಪಡುತ್ತದೆ. ದಪ್ಪ ಒಂದು ಮೈಕ್ರಾನಿನ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ, ಆಸುಪಾಸು. ಮೂರನೆಯದು, ನಿರ್ವಾತದ ಕೋಣೆಯಲ್ಲಿ ಇಂಗಾಲವನ್ನೋ ಟೈಟಾನಿಯಂ ಸಂಯುಕ್ತವನ್ನೋ ಅಲಗಿನ ಮೇಲೆ ಕೂರಿಸಿದ್ದು. ಕೆಲವೇ ಮೈಕ್ರಾನ್ ದಪ್ಪ, ಆದರೆ ಅಡಿಯಲ್ಲಿರುವ ಉಕ್ಕಿಗಿಂತ ಗಡುಸು.

ಬೇಯಿಸಿದ ಪುಡಿಬಣ್ಣದ ಮೇಲೆ ವಿನೆಗರ್ ಸುರಿದರೆ ಅದು ಜಗ್ಗುವುದಿಲ್ಲ. ಬಣ್ಣದಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರ್ ಹಚ್ಚಿ ಬಿಟ್ಟರೆ ಸುಕ್ಕುಗಟ್ಟಿ ಮೇಲೇಳುತ್ತದೆ, ಪ್ಲಾಸ್ಟಿಕ್ ಪಟ್ಟಿಯಿಂದ ನೂಕಿದರೆ ಹಾಳೆಹಾಳೆಯಾಗಿ ಬರುತ್ತದೆ. ಆಕ್ಸೈಡಿನ ಕಪ್ಪು ಇದಕ್ಕೆ ತೀರ ಬೇರೆ. ಅದನ್ನು ವಿನೆಗರಿನಲ್ಲಿ ನೆನೆಸಿಟ್ಟರೆ ಸ್ವಲ್ಪ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗುತ್ತದೆ, ಬಟ್ಟೆಯಿಂದ ಒರೆಸಿದರೆ ಮಸಿಯಾಗಿ ಬಟ್ಟೆಗೆ ಬರುತ್ತದೆ. ಹುಳಿ ಉಕ್ಕನ್ನೂ ತಿನ್ನುವುದರಿಂದ ಮರೆತು ರಾತ್ರಿಯಿಡೀ ಬಿಡುವಂತಿಲ್ಲ. ತೆಗೆದ ಕೂಡಲೇ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ತೇವ ಉಳಿಯದಂತೆ ಒರೆಸಬೇಕು. ಮೂರನೆಯ ಬಗೆಗೆ ಈ ಎರಡೂ ತಾಗುವುದಿಲ್ಲ. ಅದನ್ನು ತಿಕ್ಕಿಯೇ ತೆಗೆಯಬೇಕು, ಇಲ್ಲವೇ ಹಾಗೆಯೇ ಬಿಡಬೇಕು. ಬಿಡುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಪೇಂಟ್ ರಿಮೂವರ್ ಬಗ್ಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಡಬ್ಬಿಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತದೆ. ಮುಚ್ಚಿದ ಸ್ನಾನದ ಮನೆಯಲ್ಲಿ ಅದರ ಆವಿ ಕುಡಿದು ಜನ ಸತ್ತಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಇಂಥ ಪೇಂಟ್ ರಿಮೂವರನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಷೇಧಿಸಿದರು. ಡಬ್ಬಿಯ ಮೇಲಿನ ಅಕ್ಷರ ಓದಿ, ಆ ಹೆಸರು ಕಂಡರೆ ಕೊಳ್ಳದೆ ಬನ್ನಿ. ಬೇರೆ ಬಗೆಯದಾದರೂ ಹಿತ್ತಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೈಗವಸು ಹಾಕಿಕೊಂಡು ಮಾಡುವ ಕೆಲಸವಿದು.

ಈಗ ಪದಕ್ಕೆ ಬರುತ್ತೇನೆ. ಮೂರು ಬಗೆಯ ಕಪ್ಪಿಗೂ ‘ಲೇಪನ’ ಎಂಬ ಒಂದೇ ಹೆಸರಿಟ್ಟರೆ, ಯಾವುದಕ್ಕೆ ಯಾವ ಮದ್ದು ಎಂದು ಓದುಗರಿಗೆ ಹೊಳೆಯುವುದೇ ಇಲ್ಲ. ನಮ್ಮ ಕ್ರಿಯಾಪದಗಳು ಈ ಭೇದವನ್ನು ಎಂದೋ ಮಾಡಿಟ್ಟಿವೆ. ಬಣ್ಣ ಹಚ್ಚುತ್ತೇವೆ, ಸುಣ್ಣ ಬಳಿಯುತ್ತೇವೆ, ಗೋಡೆಗೆ ಮಣ್ಣು ಮೆತ್ತುತ್ತೇವೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತೇವೆ. ಇವೆಲ್ಲ ಹೊರಗಿನಿಂದ ಬಂದು ಕುಳಿತವು. ಹಾಲಿಗೆ ಕೆನೆ ಕಟ್ಟುತ್ತದೆ, ಕುಲುಮೆಯಲ್ಲಿ ಕಾದ ಕಬ್ಬಿಣಕ್ಕೆ ಕಿಟ್ಟ ಕಟ್ಟುತ್ತದೆ. ಇವು ಆ ವಸ್ತುವಿನ ಮೈಯಿಂದಲೇ ಹುಟ್ಟಿದವು. ಹಾಗಾದರೆ ಪೌಡರ್ ಕೋಟಿಂಗಿಗೆ ‘ಹಚ್ಚಿದ ಕಪ್ಪು’, ಆಕ್ಸೈಡಿಗೆ ‘ಕಟ್ಟಿದ ಕಪ್ಪು’ ಎನ್ನಬಹುದಲ್ಲವೇ? ‘ಹಿಡಿ’ ಎಂಬುದನ್ನೂ ಯೋಚಿಸಿದೆ. ತುಕ್ಕು ಹಿಡಿಯುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ ಎನ್ನುತ್ತೇವೆ. ಆದರೆ ಪಾತ್ರೆಯ ತಳಕ್ಕೆ ಮಸಿಯೂ ಹಿಡಿಯುತ್ತದೆ, ಪುಸ್ತಕಕ್ಕೆ ಧೂಳೂ ಹಿಡಿಯುತ್ತದೆ. ಅವು ಹೊರಗಿನವೇ. ಒಳಗಿನದು ಹೊರಗಿನದು ಎಂದು ಬೇರ್ಪಡಿಸಲು ‘ಹಿಡಿ’ ನಂಬುವಂಥದ್ದಲ್ಲ ಎಂದು ಬಿಟ್ಟೆ. ಮೂರನೆಯದಕ್ಕೆ ‘ಕೂರಿಸಿದ ಪದರ’ ಸಾಕೆನಿಸುತ್ತದೆ. ಅಕ್ಕಸಾಲಿಗರು ಹರಳು ಕೂರಿಸುತ್ತಾರೆ, ಕಿತ್ತರೂ ಸುಲಭಕ್ಕೆ ಬಾರದ ಬಿಗಿ ಆ ಮಾತಿನಲ್ಲಿದೆ.

ತೆಗೆಯುವುದಕ್ಕೂ ಹಾಗೆಯೇ ಬೇರೆ ಬೇರೆ ಮಾತು ಬೇಕು. ಹಚ್ಚಿದ್ದು ಹಾಳೆಯಾಗಿ ಏಳುವುದರಿಂದ ‘ಸುಲಿ’. ಕಟ್ಟಿದ್ದು ಹುಳಿಗೆ ಸಡಿಲಾಗುವುದರಿಂದ ‘ಬಿಡಿಸು’. ಹುಣಸೆಹಣ್ಣಿನಿಂದ ಹಿತ್ತಾಳೆಯ ಕಿಲುಬು ಬಿಡಿಸುವ ಮನೆಗಳಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಕೂರಿಸಿದ್ದಕ್ಕೆ ‘ಹೆರೆ’. ಹೀಗೆ ಬರೆದರೆ ಕ್ರಿಯಾಪದ ಓದುತ್ತಲೇ ಯಾವ ಡಬ್ಬಿ ಕೈಗೆತ್ತಿಕೊಳ್ಳಬೇಕು ಎಂದು ತಿಳಿಯುತ್ತದೆ. ಗೆಳೆಯರೊಬ್ಬರು ‘ಇಷ್ಟೆಲ್ಲ ಯಾಕೆ, ಹೊರಪದರ ತೆಗೆಯುವುದು ಎಂದರೆ ಮುಗಿಯಿತಲ್ಲ’ ಎಂದರು. ಸುದ್ದಿಗೆ ಅದು ಸಾಲಬಹುದು, ಕೈಕೆಲಸದ ಬರಹಕ್ಕೆ ಸಾಲದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನನ್ನ ಎರಡನೆಯ ಪ್ರಶ್ನೆ ಕಂಬಾರರ ಮನೆಯ ಮಾತಿನದು, ನನಗೆ ಹೆಚ್ಚು ಮುಖ್ಯವಾದದ್ದೂ ಇದೇ. ಬಣ್ಣವನ್ನು ಸುಟ್ಟು ತೆಗೆಯೋಣವೆಂದು ಅಲಗನ್ನು ಗ್ಯಾಸಿನ ಉರಿಗೆ ಹಿಡಿಯುವವರಿದ್ದಾರೆ. ಬಣ್ಣ ಸುಟ್ಟ ಹೊಗೆ ವಿಷ ಎಂಬುದು ಒಂದು ಕಡೆಯಾದರೆ, ಅಲಗಿನ ಹದ ಇಳಿದುಹೋಗುವುದು ಇನ್ನೊಂದು. ಚಾಕುವಿನ ಉಕ್ಕನ್ನು ಕಾಸಿ ಅದ್ದಿ ಗಡುಸು ಮಾಡಿದ ಮೇಲೆ, ಸಿಡಿಯದಿರಲಿ ಎಂದು ಮತ್ತೆ ಹದವಾಗಿ ಕಾಸಿರುತ್ತಾರೆ. ಸಾಮಾನ್ಯವಾಗಿ ಆ ಕಾವು 175ರಿಂದ 230 ಡಿಗ್ರಿ. ಅದನ್ನು ಮೀರಿ ಕಾಸಿದರೆ ಅಲಗು ಮೆತ್ತಗಾಗುತ್ತದೆ, ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ. ಬರಿ ಉಕ್ಕಿನ ಮೇಲೆ ಈ ಕಾವು ಕಣ್ಣಿಗೆ ಕಾಣುತ್ತದೆ. 220ರ ಹೊತ್ತಿಗೆ ಒಣಹುಲ್ಲಿನ ಹಳದಿ, 255ರ ಹೊತ್ತಿಗೆ ಕಂದು, 280ರ ಹೊತ್ತಿಗೆ ನೇರಳೆ, 300ಕ್ಕೆ ಕಡುನೀಲಿ. ಉಷ್ಣಮಾಪಕ ಇಲ್ಲದೆ, ತಿದಿಯೂದುತ್ತ, ಬಣ್ಣ ನೋಡಿಯೇ ಕುಡಗೋಲಿಗೂ ಕೊಡಲಿಗೂ ಬೇರೆ ಬೇರೆ ಹದ ಕೊಟ್ಟವರು ನಮ್ಮ ಕಂಬಾರರು. ಈ ಬಣ್ಣಗಳಿಗೆ ಅವರಲ್ಲಿ ಹೆಸರುಗಳಿರಲೇಬೇಕು. ಶಿರಹಟ್ಟಿ, ರೋಣ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಕುಲುಮೆ ಉರಿಯುವ ಕಡೆ ಬಂಧುಬಳಗ ಇರುವವರು ದಯವಿಟ್ಟು ಕೇಳಿ ಬರೆಯಬೇಕು. ನಾನೇ ‘ಹುಲ್ಲುಹಳದಿ’, ‘ಬದನೆಬಣ್ಣ’ ಎಂದು ಕಟ್ಟಿಕೊಂಡು ಬರೆಯಬಲ್ಲೆ. ಆದರೆ ಇರುವ ಪದವನ್ನು ಕೇಳದೆ ಹೊಸದನ್ನು ಟಂಕಿಸುವುದು ಆ ಕಸುಬಿಗೆ ಮಾಡುವ ಅಗೌರವ ಎಂದು ನನಗೆ ಅನಿಸುತ್ತದೆ.

ಕಪ್ಪು ಹೋದ ಮೇಲಿನ ಕೆಲಸದ ಹೆಸರು ಮೂರನೆಯ ತೊಡಕು. ‘ಮರುಲೇಪನ’ ಎನ್ನುವುದು ತಪ್ಪು, ಏಕೆಂದರೆ ಇಲ್ಲಿ ಏನನ್ನೂ ಲೇಪಿಸುವುದಿಲ್ಲ. ‘ಮಸೆ’ ಬಾಯಿಗೆ ಸಂಬಂಧಿಸಿದ್ದು, ‘ಸಾಣೆ ಹಿಡಿ’ ಎಂದರೂ ಅದೇ. ಇದು ಅಲಗಿನ ಕೆನ್ನೆಯ ಕೆಲಸ. ಮೊದಲು ಬಾಯಿಗೆ ದಪ್ಪ ಟೇಪು ಅಂಟಿಸಿ, ಅಲಗನ್ನು ಹಲಗೆಗೆ ಬಿಗಿಯುತ್ತೇವೆ. ವಾಟರ್ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ನೀರು ಚಿಮುಕಿಸಿ, ಹಿಡಿಯಿಂದ ಮೊನೆಯ ಕಡೆಗೆ ಎಳೆಯುತ್ತೇವೆ. ಹಿಂದಕ್ಕೂ ಮುಂದಕ್ಕೂ ಗಸಗಸ ಉಜ್ಜುವಂತಿಲ್ಲ. ಕಾಗದದ ನಂಬರು ಏರಿದಂತೆ ಅದರ ಕಾಳು ನವಿರು. 220 ನಂಬರಿನ ಕಾಗದದ ಗೆರೆಗಳು ಉದ್ದಕ್ಕೆ ಬಿದ್ದರೆ 400ರದನ್ನು ಓರೆಯಾಗಿ ಎಳೆಯಬೇಕು. ಹಳೆಯ ಗೆರೆ ಪೂರ್ತಿ ಅಳಿದದ್ದು ಆಗ ಕಾಣುತ್ತದೆ. ಆಮೇಲೆ 600, ಬೇಕೆನಿಸಿದರೆ 1000. ಕೊನೆಯ ಕಾಗದವನ್ನು ಮತ್ತೆ ಉದ್ದಕ್ಕೆ, ಒಂದೇ ಉಸಿರಿನಲ್ಲಿ, ನಡುವೆ ನಿಲ್ಲಿಸದೆ ಎಳೆಯಬೇಕು. ನಡುವೆ ನಿಂತರೆ ಅಲ್ಲೊಂದು ಕೊಕ್ಕೆಯಂಥ ಗುರುತು ಉಳಿದುಬಿಡುತ್ತದೆ, ಬೆಳಕಿಗೆ ಹಿಡಿದಾಗ ಎದ್ದು ಕಾಣುತ್ತದೆ.

ಈ ಕೆಲಸಕ್ಕೆ ‘ಬೆಳಗು’ ಎನ್ನೋಣವೆಂದರೆ, ನಮ್ಮ ಕಡೆ ಪಾತ್ರೆ ಬೆಳಗುವುದು ಇದೆ. ಮಹಾನವಮಿಯ ಖಂಡೇ ಪೂಜೆಗೆ ಮುನ್ನ ಕುಡಗೋಲು, ಈಳಿಗೆಗಳನ್ನು ಇಟ್ಟಿಗೆಪುಡಿ ಹಾಕಿ ಬೆಳಗುವ ಮನೆಗಳೂ ಇವೆ. ಒಳ್ಳೆಯ ಮಾತೇ. ಆದರೆ ಬೆಳಗಿದ್ದು ಹೊಳೆಯಬೇಕು. 400ಕ್ಕೆ ನಿಲ್ಲಿಸಿದ ಅಲಗು ಹೊಳೆಯುವುದಿಲ್ಲ, ಮಂದವಾಗಿ ಚೆಂದ ಕಾಣುತ್ತದೆ. ಅದಕ್ಕೇ ನನ್ನ ಒಲವು ‘ಒಪ್ಪ’ದ ಕಡೆಗೆ. ಹಳಗನ್ನಡದಿಂದ ಬಂದ ಈ ಪದಕ್ಕೆ ಕಾಂತಿ ಎಂಬ ಅರ್ಥವೂ ಇದೆ, ಅಚ್ಚುಕಟ್ಟು ಎಂಬ ಅರ್ಥವೂ ಇದೆ. ‘ಒಪ್ಪ ಓರಣ’ ಎಂದು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಹೊಳಪಿದ್ದರೂ ಸಲ್ಲುತ್ತದೆ, ಇಲ್ಲದಿದ್ದರೂ ಸಲ್ಲುತ್ತದೆ. ಕನ್ನಡಿಯಂತೆ ಮಾಡಿದ್ದಕ್ಕೆ ‘ಮೆರುಗೊಪ್ಪ’. ಒಂದೇ ದಿಕ್ಕಿನ ನವಿರು ಗೆರೆಗಳಿಗೆ ‘ಎಳೆಯೊಪ್ಪ’. ಸಣ್ಣ ಬೆಣಚುಕಲ್ಲುಗಳ ಜತೆ ಡಬ್ಬಿಯಲ್ಲಿ ಉರುಳಿಸಿ ಮಾಡಿದ್ದಕ್ಕೆ ‘ಕಲ್ಲೊಪ್ಪ’. ಬೇಡದೆ ಬಿದ್ದದ್ದು ‘ಗೀರು’, ಬೇಕೆಂದೇ ತಂದದ್ದು ‘ಎಳೆ’ ಎಂದು ಬೇರ್ಪಡಿಸಿದ್ದೇನೆ. ಬೆಟಗೇರಿಯ ನೇಕಾರರ ಎಳೆಯೂ ಇದೇ ತಾನೆ. ಈ ಸಮಾಸಗಳು ಕಿವಿಗೆ ಹೇಗೆ ಕೇಳಿಸುತ್ತವೆ, ಹೇಳಿ.

ಇನ್ನು ಬರಿದಾದ ಇಂಗಾಲದ ಉಕ್ಕು ಗಾಳಿಗೆ ತೆರೆದುಕೊಂಡಿರುತ್ತದೆ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒರೆಸದೆ ಇಟ್ಟರೆ ಬೆಳಗಾಗುವುದರೊಳಗೆ ಕೆಂಪಗೆ ತುಕ್ಕು, ನಮ್ಮ ಜನ ಹೇಳುವ ಜಂಗು, ಕಾಣಿಸಿಕೊಳ್ಳುತ್ತದೆ. ಆದರೆ ಅದೇ ಅಲಗಿನಲ್ಲಿ ಮಾವಿನಕಾಯಿ, ಉಳ್ಳಾಗಡ್ಡಿ, ನಿಂಬೆಹಣ್ಣು ಹೆಚ್ಚುತ್ತ ಹೋದರೆ ಮೈ ಮೇಲೆ ನೀಲಿಗಪ್ಪಿನ ಛಾಯೆ ಬರುತ್ತದೆ. ತುಕ್ಕಿನಂತೆ ಇದು ಉದುರುವುದಿಲ್ಲ, ಉಕ್ಕನ್ನು ಕೊರೆಯುತ್ತ ಹೋಗುವುದೂ ಇಲ್ಲ. ಕೆಂಪು ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ ಕೂಡ. ಹಳೆಯ ಮನೆಗಳ ಈಳಿಗೆಯ ಅಲಗು ನೋಡಿದವರಿಗೆ ಈ ಬಣ್ಣ ಗೊತ್ತು. ಅದಕ್ಕೆ ಹೆಸರೇನು? ‘ಕಲೆ’ ಎಂದರೆ ದೋಷವಾಯಿತು, ‘ಕಿಲುಬು’ ತಾಮ್ರ ಹಿತ್ತಾಳೆಗಳಿಗೆ ಮೀಸಲು. ಬಾಳೆಕಾಯಿಯ ‘ಕರೆ’ ಬಟ್ಟೆಗೆ ಹತ್ತುತ್ತದಲ್ಲ, ಆ ‘ಕರೆ’ ಹತ್ತಿರ ಬರುತ್ತದೆ. ‘ಕರೆಗಟ್ಟಿದ ಅಲಗು’ ಎಂದು ಸದ್ಯಕ್ಕೆ ಬರೆದಿಟ್ಟುಕೊಂಡಿದ್ದೇನೆ.

ಎಣ್ಣೆಯ ಮಾತಿನಲ್ಲೂ ಒಂದು ಕೊರತೆ ಇದೆ. ಅಲಗಿಗೆ ಎಣ್ಣೆ ಸವರಿಡಿ ಎಂದರೆ ನಮ್ಮ ಜಿಲ್ಲೆಗಳಲ್ಲಿ ಕೈ ಹೋಗುವುದು ಕುಸುಬಿ ಎಣ್ಣೆಗೆ. ಕುಸುಬಿಯೂ ಅಗಸಿಯೂ ಗಾಳಿಗೆ ಗಟ್ಟಿಯಾಗುವ ಎಣ್ಣೆಗಳು. ತೆಳ್ಳಗೆ ಸವರಿಟ್ಟರೆ ಕೆಲವು ವಾರಗಳಲ್ಲಿ ಬೆರಳಿಗೆ ಜಿಗುಟಾಗಿ ಹತ್ತುವ ಹಳದಿ ಪೊರೆಯಾಗುತ್ತವೆ. ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ, ಅಡುಗೆಯ ಚಾಕುವಿಗೆ ಅದೇ ಮೇಲು. ಮೊದಲನೆಯ ಬಗೆಯ ಎಣ್ಣೆಯನ್ನು ‘ಒಣಗುವ ಎಣ್ಣೆ’ ಎಂದು ಪುಸ್ತಕಗಳು ಕರೆಯುತ್ತವೆ. ಒಣಗುವುದೆಂದರೆ ತೇವ ಆರುವುದು ಎಂದು ಓದುಗರು ತಿಳಿಯುತ್ತಾರೆ. ಇಲ್ಲಿ ಆರುವುದು ಏನೂ ಇಲ್ಲ, ಎಣ್ಣೆಯೇ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಗಾಣದ ಮನೆತನದವರು ಇದಕ್ಕೆ ಏನೆನ್ನುತ್ತಾರೆ? ‘ಪೊರೆಗಟ್ಟುವ ಎಣ್ಣೆ’ ಎಂದರೆ ಅವರಿಗೆ ಒಪ್ಪಿತವೇ?