ಮನೆಯಲ್ಲೇ ಬೀಸಿದ ಗೋಧಿಹಿಟ್ಟಿನ ಬ್ರೆಡ್ ಉಬ್ಬುತ್ತಿಲ್ಲ, ಯಾಕೆ?

ಪ್ರಶ್ನೆ (ಬದಿಯಡ್ಕ): ಗೋಧಿ ತೊಳೆದು, ಫ್ಯಾನಿನಡಿ ಒಣಗಿಸಿ ಮನೆಯ ಗಿರಣಿಗೆ ಹಾಕಿದ್ದು. 500 ಗ್ರಾಂ ಹಿಟ್ಟು, 300 ಮಿಲಿ ನೀರು, 5 ಗ್ರಾಂ ಡ್ರೈ ಯೀಸ್ಟ್. ಬ್ರೆಡ್ ಗಟ್ಟಿ, ಕೊಯ್ದರೆ ಪುಡಿಪುಡಿ. ಗಿರಣಿಯ ಜಾಲರಿಯೂ ಕಟ್ಟಿಕೊಳ್ಳುತ್ತದೆ.

ಉತ್ತರ 1: ಆಟಿ ತಿಂಗಳ ಮಳೆಗೆ ತೊಳೆದ ಗೋಧಿ ಒಳಗೆ ಒಣಗುವುದುಂಟಾ ಮಾರಾಯ್ರೆ! ಪಸೆ ಇದ್ದರೆ ಹಿಟ್ಟು ಅಂಟಿ ಜಾಲರಿಯ ಕಣ್ಣು ಮುಚ್ಚುತ್ತದೆ, ಮೋಟರ್ ಕಾಯುತ್ತದೆ. ತೊಳೆಯಬೇಡಿ. ಕೇರಿ, ಕಲ್ಲು ಹೆಕ್ಕಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ಹರವಿದರೆ ಸಾಕು. ಹಲ್ಲಿನಲ್ಲಿ ಕಚ್ಚಿದಾಗ ಕಾಳು ‘ಟಕ್’ ಎಂದು ಒಡೆಯಬೇಕು; ಚಪ್ಪಟೆಯಾದರೆ ಇನ್ನೂ ಒಣಗಬೇಕು.

ಉತ್ತರ 2: ನೀರೂ ಕಡಿಮೆಯಾಯಿತು. ತವುಡು ನೀರು ಕುಡಿಯುತ್ತದೆ, 500 ಗ್ರಾಮಿಗೆ 375ರಿಂದ 400 ಮಿಲಿ ಬೇಕು. ಹಿಟ್ಟು, ನೀರು ಮಾತ್ರ ಕಲಸಿ 40 ನಿಮಿಷ ಮುಚ್ಚಿಡಿ. ಆಮೇಲೆ ಯೀಸ್ಟ್, 9 ಗ್ರಾಂ ಉಪ್ಪು ಹಾಕಿ ನಾದಿ. ಅತಿ ಸಣ್ಣ ಕಣ್ಣಿನ ಜಾಲರಿಯೇ ಇರಲಿ, ದಪ್ಪ ತವುಡಿನ ಚೂರು ಹಿಟ್ಟಿನ ಜಿಗುಟನ್ನು ಕತ್ತರಿಸುತ್ತದೆ. ಬಿಸಿ ಹಿಟ್ಟು ಆರದೆ ಕಲಸಬೇಡಿ.

ಪ್ರಶ್ನೆ ಕೇಳಿದವರು: ಕಪ್ಲಿ ಗೋಧಿ (ಎಮ್ಮರ್ ಎಂಬ ಹಳೆಯ ಬಗೆಯ ಗೋಧಿ) ಆದೀತಾ?

ಉತ್ತರ 2: ಚಪಾತಿಗೆ, ಬಿಸ್ಕತ್ತಿಗೆ ಒಳ್ಳೆಯದು. ಬ್ರೆಡ್ಡಿಗೆ ಕಾಲು ಭಾಗ ಸಾಕು, ಅದರ ಜಿಗುಟು ಬೇಗ ಹರಿಯುತ್ತದೆ.